ಬಲೆ ಕತ್ತರಿಸಿದ ಕೂಡಲೇ ಕಡಲಾಮೆಯನ್ನು ನೀರಿಗೆ ಬಿಡಬಹುದೆ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಉಪ್ಪಳ ಸಮೀಪದ ಕಡಲತೀರದವರು. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ದಪ್ಪ ಹೆಣಿಗೆಯ ಹಸಿರು ಬಲೆಯ ತುಂಡೊಂದರಲ್ಲಿ ಸಿಲುಕಿದ ಕಡಲಾಮೆ ದಡಕ್ಕೆ ಬಂದು ಬಿದ್ದಿತ್ತು. ಬಲೆಯ ಎಳೆಗಳು ಅದರ ಕುತ್ತಿಗೆಗೂ ಮುಂದಿನ ಒಂದು ಕಾಲಿಗೂ ಸುತ್ತಿಕೊಂಡಿದ್ದವು. ನಮೀಬಿಯಾದಲ್ಲಿ ಸೀಲ್‌ಗಳನ್ನು ಓಡಿ ಹಿಡಿದು, ಬಲೆ ಕತ್ತರಿಸಿ, ನಿಮಿಷದೊಳಗೆ ಬಿಟ್ಟುಬಿಡುವ ವಿಡಿಯೋಗಳನ್ನು ನೋಡಿದ್ದ ನಮ್ಮ ಹುಡುಗರು ಹಾಗೆಯೇ ಬಲೆಯನ್ನು ಕತ್ತರಿಸಿ ಆಮೆಯನ್ನು ಅಲೆಗಳಾಚೆ ದಾಟಿಸಿದರು. ಮರುದಿನ ಅದು ಶಿರಿಯಾ ಅಳಿವೆಯ ಹತ್ತಿರ ಸತ್ತು ಬಿದ್ದಿತ್ತು. ಸೀಲ್‌ಗೆ ಒಪ್ಪಿದ್ದು ಆಮೆಗೆ ಏಕೆ ಒಪ್ಪಲಿಲ್ಲ? ನಾವು ಏನು ಮಾಡಬೇಕಿತ್ತು? ಆ ಬಲೆ ಎಲ್ಲಿಯದಾಗಿರಬಹುದು?

ಉತ್ತರ: ನಿಮ್ಮ ಹುಡುಗರು ಬಲೆಯನ್ನು ಕತ್ತರಿಸಿದ್ದು ಸರಿಯಾಗಿಯೇ ಇತ್ತು; ಕತ್ತರಿಸಿದ ಕೂಡಲೇ ನೀರಿಗೆ ಬಿಟ್ಟದ್ದು ಸರಿಯಾಗಲಿಲ್ಲ. ಬಲೆಯಿಂದ ಬಿಡಿಸುವುದು ಸೀಲ್‌ನ ಮಟ್ಟಿಗೆ ಬಹುಪಾಲು ಪೂರ್ತಿ ಚಿಕಿತ್ಸೆ, ಕಡಲಾಮೆಯ ಮಟ್ಟಿಗೆ ಚಿಕಿತ್ಸೆಯ ಮೊದಲ ಹಂತ ಮಾತ್ರ. ಇದಕ್ಕೆ ಕಾರಣ ಆ ಎರಡು ಪ್ರಾಣಿಗಳ ಶರೀರದಲ್ಲಿಯೂ ಇದೆ, ಅವು ದಡದ ಮೇಲೆ ಏಕೆ ಇದ್ದವು ಎಂಬುದರಲ್ಲಿಯೂ ಇದೆ.

ನೀವು ನೋಡಿರುವ ವಿಡಿಯೋಗಳು ಬಹುಶಃ ವಾಲ್ವಿಸ್ ಬೇ ಪಟ್ಟಣದ ಬಳಿ ಕಡಲಿಗೆ ಚಾಚಿಕೊಂಡಿರುವ ಪೆಲಿಕನ್ ಪಾಯಿಂಟ್ ಎಂಬ ಮರಳುದಿಬ್ಬದವು. ಅಲ್ಲಿ ಓಶನ್ ಕನ್ಸರ್ವೇಶನ್ ನಮೀಬಿಯಾ ಎಂಬ ಸಂಸ್ಥೆಯವರು ಈ ಕೆಲಸವನ್ನು ಮಾಡುತ್ತಾರೆ. ಕೇಪ್ ಫರ್ ಸೀಲ್‌ಗಳು ಬೇಟೆಗಾಗಿ ಕಡಲಿಗೆ ಹೋಗಿ, ದಣಿವಾರಿಸಿಕೊಳ್ಳಲು, ಈಯಲು ಮತ್ತು ಮರಿಗೆ ಹಾಲೂಡಿಸಲು ದಡಕ್ಕೆ ಬರುತ್ತವೆ. ದಡ ಅವುಗಳ ದಿನಚರಿಯ ಭಾಗ. ಸಿಲುಕಿಕೊಳ್ಳುವವು ಹೆಚ್ಚಾಗಿ ಎಳೆಯ ಪ್ರಾಣಿಗಳು: ತೇಲಿ ಬಂದ ಏನನ್ನಾದರೂ ಮೂಸಿ, ಕಚ್ಚಿ, ಅದರೊಳಗೆ ತಲೆ ತೂರಿಸಿ ಆಡುವ ಕುತೂಹಲ ಅವಕ್ಕೆ. ತೂರಿದ ತಲೆ ಹಿಂದಕ್ಕೆ ಬರುವುದಿಲ್ಲ, ಏಕೆಂದರೆ ಕುತ್ತಿಗೆಯ ರೋಮ ಹಿಂದಕ್ಕೆ ಬಾಗಿರುವುದರಿಂದ ಕುಣಿಕೆ ಹಿಂದಕ್ಕೆ ಜಾರುವುದು ಸುಲಭ, ಮುಂದಕ್ಕೆ ಕಳಚುವುದು ಕಷ್ಟ. ಮರಿ ಬೆಳೆಯುತ್ತದೆ, ಎಳೆ ಬೆಳೆಯುವುದಿಲ್ಲ. ಊದಿದ ಬೆರಳಿನ ಉಂಗುರದಂತೆ ಅದು ತಿಂಗಳುಗಳ ಕಾಲ ಚರ್ಮವನ್ನೂ ಕೆಳಗಿನ ಕೊಬ್ಬನ್ನೂ ಕೊಯ್ಯುತ್ತ ಒಳಗಿಳಿಯುತ್ತದೆ. ಇಷ್ಟಾದರೂ ಆ ಪ್ರಾಣಿ ಓಡುತ್ತದೆ, ಕಚ್ಚುತ್ತದೆ, ಬಹಳ ಸಲ ಬೇಟೆಯನ್ನೂ ಆಡುತ್ತಿರುತ್ತದೆ. ಆದ್ದರಿಂದಲೇ ಅದನ್ನು ಹಿಡಿಕೆಯ ಬಲೆಯಲ್ಲಿ ಹಿಡಿದು, ಒಬ್ಬರು ತಲೆಯ ಹಿಂದೆ ಅದುಮಿ, ಇನ್ನೊಬ್ಬರು ಕೊಕ್ಕೆಯಾಕಾರದ ಚಾಕುವಿನಿಂದ ಎಳೆಯನ್ನು ಕತ್ತರಿಸಿದರೆ ಸಾಕಾಗುತ್ತದೆ. ಗಾಯವೆಷ್ಟೇ ಘೋರವಾಗಿ ಕಂಡರೂ ಫರ್ ಸೀಲ್‌ಗಳಲ್ಲಿ ಅದು ಸಾಮಾನ್ಯವಾಗಿ ಕಡಲಿನಲ್ಲಿಯೇ ಮಾಗುತ್ತದೆ. ಹಿಡಿದಿಟ್ಟು ಔಷಧ ಮಾಡುವ ಒತ್ತಡವೇ ಅವಕ್ಕೆ ಹೆಚ್ಚು ಅಪಾಯಕರ.

ಆ ವಿಧಾನ ಎಲ್ಲ ಸೀಲ್‌ಗಳಿಗೂ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಇನ್ನೂರು ಕಿಲೋ ದಾಟಿದ ಗಂಡು ಸೀಲನ್ನು ಕೈಯಿಂದ ಅದುಮಿ ಹಿಡಿಯಲಾಗದು. ಅಂಥವಕ್ಕೂ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಡಲಸಿಂಹಗಳಿಗೂ ದೂರದಿಂದ ಅರಿವಳಿಕೆಯ ಸೂಜಿ ಹೊಡೆಯಬೇಕಾಗುತ್ತದೆ. ಸೂಜಿ ತಗುಲಿದ ಪ್ರಾಣಿ ನೀರಿಗೆ ಧುಮುಕಿ, ಅಲ್ಲಿ ಮಂಪರು ಹತ್ತಿ ಮುಳುಗಿಬಿಡಬಹುದಾದ್ದರಿಂದ ಅದು ಪಶುವೈದ್ಯರ ಕೆಲಸ, ಸ್ವಯಂಸೇವಕರದಲ್ಲ. ಹವಾಯಿಯ ಮಾಂಕ್ ಸೀಲ್‌ಗಳ ಪರಿಸ್ಥಿತಿ ಇನ್ನೂ ಬೇರೆ. ಇಡೀ ಜಗತ್ತಿನಲ್ಲಿ ಅವು ಸುಮಾರು 1,600 ಮಾತ್ರ ಉಳಿದಿವೆ. ಆದ್ದರಿಂದ ಅಲ್ಲಿ ಸಿಲುಕಿದ ಪ್ರಾಣಿಯನ್ನು ಬಿಡಿಸುವುದರ ಜೊತೆಗೆ, ಹವಳದ ದಿಬ್ಬಗಳಿಗೆ ಸಿಕ್ಕಿಕೊಂಡ ಬಲೆಗಳನ್ನು ಮುಳುಗುಗಾರರಿಂದ ಮೇಲೆತ್ತಿಸುವ ಕೆಲಸವೂ ದಶಕಗಳಿಂದ ನಡೆದುಬಂದಿದೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಸೀಲ್‌ಗಳಿಲ್ಲ. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ನಮ್ಮ ಕರಾವಳಿಯಲ್ಲಿ, ಕಡಲಿನಲ್ಲಿ ಕಳೆದುಹೋದ ಬಲೆಗಳಿಗೆ ಬಲಿಯಾಗುವ ದೊಡ್ಡ ಪ್ರಾಣಿ ಎಂದರೆ ಮುಖ್ಯವಾಗಿ ಕಡಲಾಮೆ, ಅದರಲ್ಲೂ ಆಲಿವ್ ರಿಡ್ಲೆ ಎಂಬ ಜಾತಿ.

ಕಡಲಾಮೆ ದಡಕ್ಕೆ ಬರುವುದು ವಿಶ್ರಾಂತಿಗಲ್ಲ. ಗಂಡು ಆಮೆ ಮೊಟ್ಟೆಯೊಡೆದು ಕಡಲಿಗಿಳಿದ ಮೇಲೆ ಸಾಮಾನ್ಯವಾಗಿ ಮತ್ತೆ ನೆಲ ಮುಟ್ಟುವುದೇ ಇಲ್ಲ. ಹೆಣ್ಣು ಮೊಟ್ಟೆಯಿಡಲು ರಾತ್ರಿ ಬಂದು ಸುಮಾರು ಒಂದು ಗಂಟೆಯೊಳಗೆ ಹಿಂದಿರುಗುತ್ತದೆ. ನಮ್ಮ ಕಡೆ ಆಲಿವ್ ರಿಡ್ಲೆಗಳು ಮೊಟ್ಟೆಯಿಡುವ ಕಾಲ ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ನೀಲೇಶ್ವರದ ತೈಕಡಪ್ಪುರದಲ್ಲಿ ಮೊಟ್ಟೆಗಳನ್ನು ಕಾಯುವ ಕೆಲಸ ನಡೆಯುವುದನ್ನು ನೀವು ಕೇಳಿರಬಹುದು. ಹೀಗಿರುವಾಗ ಆಗಸ್ಟ್ ತಿಂಗಳ ಹಗಲಿನಲ್ಲಿ ಆಮೆಯೊಂದು ಮರಳಿನ ಮೇಲೆ ಬಿದ್ದಿದ್ದರೆ, ಬಲೆ ಇರಲಿ ಇಲ್ಲದಿರಲಿ, ಅದಕ್ಕೆ ಈಜುವ ಶಕ್ತಿ ಉಳಿದಿಲ್ಲವೆಂದೇ ತಿಳಿಯಬೇಕು. ಅಲೆ ಅದನ್ನು ತಂದು ಹಾಕಿತು. ಅಲೆಗೆ ಎದುರಾಗಿ ಈಜಲಾಗದ್ದರಿಂದ ಅದು ಬಂತು. ಅದನ್ನು ಮತ್ತೆ ಅಲೆಯಾಚೆ ದಾಟಿಸಿದಾಗ ಕಣ್ಮರೆಯಾದದ್ದು ಗುಣವಾದದ್ದರ ಲಕ್ಷಣವಲ್ಲ.

ಬಲೆಯಲ್ಲಿ ಸಿಲುಕಿದ ಆಮೆಯ ಶರೀರದೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದೆ ಮಾಡಬೇಕಾದ ಎಲ್ಲವೂ ಅದನ್ನೇ ಅವಲಂಬಿಸಿದೆ. ಆಮೆ ಉಸಿರಾಡುವುದು ಶ್ವಾಸಕೋಶದಿಂದ. ಶಾಂತವಾಗಿರುವಾಗ ಅದು ಬಹಳ ಹೊತ್ತು ನೀರಿನಡಿ ಇರಬಲ್ಲದು. ಆದರೆ ಬಲೆಯೊಡನೆ ಹೆಣಗಾಡುವಾಗ ಕೂಡಿಟ್ಟ ಆಮ್ಲಜನಕ ಬೇಗನೆ ಮುಗಿದು, ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ರಕ್ತವೇ ಆಮ್ಲೀಯವಾಗುತ್ತದೆ. ಈ ಏರುಪೇರು ಸರಿಹೋಗಲು ನಿಮಿಷಗಳಲ್ಲ, ಹಲವು ಗಂಟೆಗಳು ಬೇಕು. ಆ ಗಂಟೆಗಳೊಳಗೆ ಅದು ಇನ್ನೊಮ್ಮೆ ಮುಳುಗಬೇಕಾಗಿ ಬಂದರೆ, ಮೊದಲ ಸಲ ತಡೆದುಕೊಂಡ ಪ್ರಾಣಿ ಎರಡನೆಯ ಸಲ ತಡೆಯುವುದಿಲ್ಲ. ನಿಮ್ಮ ಆಮೆ ಸತ್ತದ್ದು ಹೀಗೆಯೇ ಎಂದು ಮರಣೋತ್ತರ ಪರೀಕ್ಷೆಯಿಲ್ಲದೆ ಹೇಳಲಾರೆ, ಆದರೆ ನೀವು ಬರೆದಿರುವ ಲಕ್ಷಣಗಳು ಇದಕ್ಕೆ ಹೊಂದುತ್ತವೆ. ಬಲೆ ಬಹುದಿನಗಳಿಂದ ಸುತ್ತಿಕೊಂಡಿದ್ದರೆ ಇದರ ಮೇಲೆ ಹಸಿವೆ ಮತ್ತು ನಿರ್ಜಲೀಕರಣ ಸೇರುತ್ತವೆ. ಎಳೆ ಬಿಗಿದ ಕಾಲಿಗೆ ರಕ್ತ ಹರಿಯದೆ ತುದಿ ಕೊಳೆಯಲಾರಂಭಿಸಿರಬಹುದು. ಎಳೆಯನ್ನು ತೆಗೆದ ಕೂಡಲೇ ಆ ಭಾಗ ಊದಿಕೊಂಡು, ಅಲ್ಲಿ ತಂಗಿದ್ದ ವಿಷಾಂಶಗಳು ದೇಹವನ್ನೆಲ್ಲ ಸೇರಬಹುದು. ಇಷ್ಟೆಲ್ಲ ಇರುವ ರೋಗಿಯನ್ನು ಆಸ್ಪತ್ರೆಯಿಂದ ಅದೇ ಗಳಿಗೆ ಮನೆಗೆ ಕಳುಹಿಸುವ ವೈದ್ಯರು ಯಾರೂ ಇಲ್ಲ.

ಸಿಲುಕಿ ಎಷ್ಟು ಕಾಲವಾಗಿದೆ ಎಂಬುದನ್ನು ಬರಿಗಣ್ಣಿನಿಂದಲೇ ಅಂದಾಜಿಸಬಹುದು. ಬೆನ್ನುಚಿಪ್ಪಿನ ಮೇಲೂ ಚರ್ಮದ ಮೇಲೂ ಬಾರ್ನಕಲ್ ಎಂಬ ಬಿಳಿ ಚಿಪ್ಪುಜೀವಿಗಳು, ಅಂದರೆ ದೋಣಿಯ ತಳಕ್ಕೆ ಅಂಟಿಕೊಳ್ಳುವ ಅವೇ ಜೀವಿಗಳು, ಒತ್ತೊತ್ತಾಗಿ ಬೆಳೆದಿದ್ದರೆ, ಪಾಚಿ ಹಿಡಿದಿದ್ದರೆ, ಆಮೆ ವಾರಗಟ್ಟಲೆ ಸರಿಯಾಗಿ ಈಜಿಲ್ಲ ಎಂದರ್ಥ. ಕಣ್ಣುಗಳು ಒಳಗಿಳಿದಿದ್ದರೆ, ಎದೆಚಿಪ್ಪು ಉಬ್ಬಿರುವ ಬದಲು ಒಳಕ್ಕೆ ತಗ್ಗಿದ್ದರೆ ಹಸಿವೆ ಬಹಳ ಕಾಲದ್ದು.

ಇನ್ನು ಮಾಡಬೇಕಾದ ಕ್ರಮ. ಮೊದಲು ಜನರನ್ನೂ ನಾಯಿಗಳನ್ನೂ ದೂರ ಇಡಿ. ನಮ್ಮ ದಡಗಳಲ್ಲಿ ನಾಯಿಗಳೇ ಎರಡನೆಯ ಅಪಾಯ. ಅದೇ ಹೊತ್ತಿನಲ್ಲಿ ಒಬ್ಬರು ಅರಣ್ಯ ಇಲಾಖೆಗೆ ಫೋನ್ ಮಾಡಲಿ. ಕಾಸರಗೋಡು ಅರಣ್ಯ ವಿಭಾಗದ ಕಾಸರಗೋಡು ವಲಯ ಕಚೇರಿಯ ಸಂಖ್ಯೆ ನಿಮ್ಮ ಊರಿನ ಮೀನುಗಾರರ ಸಂಘದ ಗೋಡೆಯ ಮೇಲೆ ಬರೆದಿರುವುದು ಒಳ್ಳೆಯದು, ಏಕೆಂದರೆ ಹುಡುಕುವುದರಲ್ಲಿ ಕಳೆಯುವ ಅರ್ಧ ಗಂಟೆ ಅಂಥ ದಿನ ದುಬಾರಿ. ಆಮೆಯನ್ನು ನೆರಳಿಗೆ ಒಯ್ಯಲು ಇಬ್ಬರು ಬೇಕು: ಬೆಳೆದ ಆಲಿವ್ ರಿಡ್ಲೆ 35ರಿಂದ 50 ಕಿಲೋ ತೂಗುತ್ತದೆ. ಒಬ್ಬರು ಕುತ್ತಿಗೆಯ ಹಿಂದಿನ ಚಿಪ್ಪಿನಂಚನ್ನೂ ಇನ್ನೊಬ್ಬರು ಬಾಲದ ಮೇಲಿನ ಚಿಪ್ಪಿನಂಚನ್ನೂ ಹಿಡಿಯಬೇಕು. ಕಾಲು ಹಿಡಿದು ಎಳೆಯಬಾರದು. ಭುಜದ ಕೀಲು ತಪ್ಪುತ್ತದೆ. ಬೆನ್ನ ಮೇಲೆ ಮಗುಚಬಾರದು. ಒಳಾಂಗಗಳ ಭಾರ ಶ್ವಾಸಕೋಶದ ಮೇಲೆ ಬೀಳುತ್ತದೆ. ಬಾಯಿಯಿಂದ ಕೈಯನ್ನು ದೂರವಿಡಬೇಕು. ಅದರ ಕೊಕ್ಕು ಬೆರಳನ್ನು ಮುರಿಯಬಲ್ಲದು.

ಬಲೆಯನ್ನು ಕತ್ತರಿಸುವಾಗ ಮೀನು ಸೀಳುವ ಚೂಪಾದ ಚೂರಿ ಬೇಡ. ಬ್ಯಾಂಡೇಜ್ ಕತ್ತರಿಸುವ ಮೊಂಡು ತುದಿಯ ಕತ್ತರಿ ಅತ್ಯುತ್ತಮ. ಸಾಧಾರಣ ಕತ್ತರಿಯಾದರೂ ಆದೀತು, ಅದರ ತುದಿಯನ್ನು ಚರ್ಮದಿಂದ ಹೊರಮುಖವಾಗಿ ಹಿಡಿಯಬೇಕು. ಮೊದಲು ಕುತ್ತಿಗೆಯನ್ನು ಬಿಡಿಸಿ, ಅನಂತರ ಕಾಲುಗಳನ್ನು ಬಿಡಿಸಿ. ಎಳೆ ಮಾಂಸದೊಳಕ್ಕೆ ಹೂತುಹೋಗಿದ್ದರೆ ಹೊರಗೆ ಕಾಣುವ ಭಾಗವನ್ನಷ್ಟೇ ಕತ್ತರಿಸಿ ಬಿಗಿಯನ್ನು ಸಡಿಲಿಸಿ ನಿಲ್ಲಿಸಬೇಕು. ಹೂತದ್ದನ್ನು ಕಿತ್ತು ತೆಗೆಯುವುದು ಪಶುವೈದ್ಯರಿಗೆ ಬಿಟ್ಟದ್ದು. ಬಾಯಿಯಿಂದಾಗಲಿ ಗುದದ್ವಾರದಿಂದಾಗಲಿ ದಾರವೋ ಗಾಳದ ತಂಗೂಸೋ ಹೊರಬಂದಿದ್ದರೆ ಎಂದಿಗೂ ಎಳೆಯಬೇಡಿ. ಅದರ ಇನ್ನೊಂದು ತುದಿಯಲ್ಲಿ ಗಾಳವಿರಬಹುದು, ಇಲ್ಲವೇ ಕರುಳು ಅದರ ಮೇಲೆ ನೆರಿಗೆಗಟ್ಟಿರಬಹುದು. ಎಳೆದರೆ ಕರುಳು ಹರಿಯುತ್ತದೆ. ಅದನ್ನು ಹಾಗೆಯೇ ಬಿಟ್ಟು ವೈದ್ಯರಿಗೆ ತೋರಿಸಿ.

ಆಮೆ ಚಲಿಸದೆ ಬಿದ್ದಿದ್ದರೆ ಸತ್ತಿದೆ ಎಂದು ಆತುರಪಡಬೇಡಿ. ನೀರಿನಲ್ಲಿ ಉಸಿರುಗಟ್ಟಿದ ಆಮೆ ಗಂಟೆಗಳ ಕಾಲ ಸತ್ತಂತೆಯೇ ಇದ್ದು ಚೇತರಿಸಿಕೊಳ್ಳುವುದುಂಟು. ಕಣ್ಣಿನ ರೆಪ್ಪೆಯನ್ನು ಮೃದುವಾಗಿ ಮುಟ್ಟಿ, ಬಾಲವನ್ನು ಹಗುರವಾಗಿ ಚಿವುಟಿ ನೋಡಿ. ಸ್ವಲ್ಪವಾದರೂ ಮಿಸುಕಿದರೆ ಜೀವವಿದೆ. ಅಮೆರಿಕದ ಮೀನುಗಾರಿಕೆ ನಿಯಮಗಳು ದೋಣಿಗಳಿಗೆ ವಿಧಿಸಿರುವ ಕ್ರಮ ಸರಳವಾಗಿದೆ, ನಮ್ಮಲ್ಲಿಯೂ ನಡೆಯುತ್ತದೆ: ಆಮೆಯನ್ನು ಎದೆಚಿಪ್ಪಿನ ಮೇಲೆ, ಅಂದರೆ ಸಹಜ ಭಂಗಿಯಲ್ಲೇ ಮಲಗಿಸಿ, ಹಿಂಭಾಗವನ್ನು ಕನಿಷ್ಠ 15 ಸೆಂಟಿಮೀಟರ್ ಎತ್ತರಿಸಿಡಬೇಕು, ಶ್ವಾಸಕೋಶದ ನೀರು ಬಾಯಿಯತ್ತ ಹರಿಯಲು ಇದರಿಂದ ಅನುಕೂಲ. ಹೀಗೆ 4ರಿಂದ 24 ಗಂಟೆಗಳವರೆಗೆ ಇರಿಸಿ, ನಡುನಡುವೆ ಚಿಪ್ಪಿನಂಚನ್ನು ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಮಾರು 7.5 ಸೆಂಟಿಮೀಟರ್‌ನಷ್ಟು ಎತ್ತಿ ತೊನೆಸಬೇಕು. ಒದ್ದೆ ಬಟ್ಟೆಯನ್ನು ಚಿಪ್ಪಿನ ಮೇಲೂ ಕಾಲುಗಳ ಮೇಲೂ ಹೊದಿಸಿ. ತಲೆಗೂ ಹೊದಿಸಬಹುದು, ಮೂಗಿನ ಹೊಳ್ಳೆಗಳನ್ನು ಮಾತ್ರ ಮುಚ್ಚಬಾರದು. ಎದೆಚಿಪ್ಪನ್ನು ಒತ್ತಿ ಉಸಿರು ಬರಿಸುವ ಪ್ರಯತ್ನ ವ್ಯರ್ಥ ಮಾತ್ರವಲ್ಲ, ಹಾನಿಕರ ಕೂಡ. ತಿನ್ನಲು ಏನೂ ಕೊಡಬೇಡಿ.

ಅತಿ ಹೆಚ್ಚಾಗಿ ನಡೆಯುವ ತಪ್ಪು ಎಂದರೆ ಕಡಲಾಮೆ ನೀರಿನ ಪ್ರಾಣಿ ಎಂದುಕೊಂಡು ಅದನ್ನು ನೀರು ತುಂಬಿದ ತೊಟ್ಟಿಯಲ್ಲಿಯೋ ಮೀನಿನ ದೊಡ್ಡ ಪೆಟ್ಟಿಗೆಯಲ್ಲಿಯೋ ಇಡುವುದು. ತಲೆಯೆತ್ತಲಾರದ ಆಮೆ ಒಂದಡಿ ನೀರಿನಲ್ಲಿಯೂ ಮುಳುಗಿ ಸಾಯುತ್ತದೆ. ಚೇತರಿಸಿಕೊಳ್ಳುವ ತನಕ ಅದಕ್ಕೆ ಬೇಕಾದದ್ದು ನೆರಳು, ತೇವ ಮತ್ತು ಸದ್ದಿಲ್ಲದ ಜಾಗ. ಸಾಗಿಸಬೇಕಾದರೆ ಪಿಕಪ್ ವಾಹನದ ತಳದಲ್ಲಿ ಹಳೆಯ ಟಯರೊಂದನ್ನು ಹಾಕಿ ಅದರ ಮೇಲೆ ಕೂರಿಸಿ. ಎದೆಚಿಪ್ಪಿಗೆ ಒತ್ತಡ ಬೀಳುವುದಿಲ್ಲ, ಆಮೆ ಜಾರುವುದೂ ಇಲ್ಲ.

ಹಾಗಾದರೆ ಕೂಡಲೇ ಕಡಲಿಗೆ ಬಿಡಬಹುದಾದ ಆಮೆ ಎಂಬುದೇ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ಕಂತಬಲೆಯನ್ನೋ (ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಬಲೆ) ಕೈರಂಪಣಿಯನ್ನೋ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಎಳೆಯುತ್ತಿರುವಾಗ ಆಗಷ್ಟೇ ಸಿಕ್ಕಿ, ತಲೆಯೆತ್ತಿ ಬಲವಾಗಿ ಉಸಿರೆಳೆದು, ನಾಲ್ಕೂ ಕಾಲುಗಳನ್ನು ಬಡಿಯುತ್ತ, ಗಾಯವಿಲ್ಲದೆ ಇರುವ ಆಮೆಯನ್ನು ತಡಮಾಡದೆ ಬಿಡುವುದೇ ಸರಿ. ದೋಣಿಯಿಂದ ಬಿಡುವಾಗ ಎಂಜಿನನ್ನು ನ್ಯೂಟ್ರಲ್‌ನಲ್ಲಿರಿಸಿ, ಬಲೆ ನೀರಿನಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ನೀರಿಗೆ ಎಸೆಯದೆ ತಲೆ ಮುಂದಾಗಿ ಇಳಿಬಿಡಬೇಕು. ಕಡಲ ಮೇಲೆ ಕೆಲಸ ಮಾಡುವವರಿಗೆ ಇಲ್ಲಿರುವ ಸೂಕ್ಷ್ಮ ಹೇಳದೆಯೂ ತಿಳಿಯುತ್ತದೆ: ದೋಣಿಯಲ್ಲಿ ಸಿಕ್ಕ ಆಮೆ ಮನುಷ್ಯ ಹೋಗಿ ಹಿಡಿದ ಆಮೆ, ದಡಕ್ಕೆ ಬಂದ ಆಮೆ ತಾನೇ ಸೋತು ಬಂದ ಆಮೆ. ಪೆಲಿಕನ್ ಪಾಯಿಂಟಿನ ಸೀಲ್ ಮೊದಲನೆಯ ಗುಂಪಿಗೆ ಹತ್ತಿರ.

ಚಿಕಿತ್ಸೆಗೆ ಸೇರಿದ ಆಮೆಗಳು ಬದುಕುತ್ತವೆಯೆ ಎಂಬ ಸಂದೇಹ ಸಹಜ. ಮಾಲ್ಡೀವ್ಸ್‌ನಲ್ಲಿ 2013ರಲ್ಲಿ ಆರಂಭವಾದ ಆಲಿವ್ ರಿಡ್ಲೆ ಪ್ರಾಜೆಕ್ಟ್ ಎಂಬ ಸಂಸ್ಥೆ ಅಲ್ಲಿನ ಬಾ ಅಟಾಲ್ ಎಂಬ ಹವಳದ್ವೀಪಗಳ ಗುಂಪಿನಲ್ಲಿ 2017ರಿಂದ ಕಡಲಾಮೆಗಳ ಆಸ್ಪತ್ರೆಯನ್ನು ನಡೆಸುತ್ತಿದೆ. ಅಲ್ಲಿಗೆ ಬರುವ, ಬಲೆಗೆ ಸಿಲುಕಿದ ಆಮೆಗಳಲ್ಲಿ ಹೆಚ್ಚಿನವು ಆಲಿವ್ ರಿಡ್ಲೆಗಳೇ. ಆ ದ್ವೀಪಗಳಲ್ಲಿ ಈ ಜಾತಿ ಮೊಟ್ಟೆಯಿಡುವುದು ಅಪರೂಪವಾಗಿರುವುದರಿಂದ ಅವು ತೇಲುವ ಬಲೆಗಳೊಡನೆ ಬೇರೆಡೆಯಿಂದ ಬಂದವು ಎಂದೇ ಭಾವಿಸಬೇಕು. ಒಂದು ಮುಂಗಾಲನ್ನು ಕತ್ತರಿಸಿ ತೆಗೆಯಬೇಕಾದ ಆಮೆಗಳೂ ಗುಣವಾಗಿ ಕಡಲಿಗೆ ಮರಳುತ್ತವೆ. ಮೂರು ಕಾಲಿನ ಆಮೆ ಈಜಬಲ್ಲದು, ಮುಳುಗಬಲ್ಲದು, ಬೇಟೆಯಾಡಬಲ್ಲದು. ಗಾಯಕ್ಕಿಂತ ಹಟಮಾರಿಯಾದದ್ದು ಬೇರೊಂದು ತೊಂದರೆ. ದೇಹದೊಳಗೆ ಗಾಳಿ ಸೇರಿಕೊಂಡು ಆಮೆ ನೀರಿನ ಮೇಲೆ ತೇಲುತ್ತಲೇ ಇರುತ್ತದೆ, ಮುಳುಗಲಾಗುವುದಿಲ್ಲ. ಇದಕ್ಕೆ ತಿಂಗಳುಗಳ ಆರೈಕೆ ಬೇಕು. ಬಿಟ್ಟ ಆಮೆ ಮುಳುಗದೆ ಮೇಲೆಯೇ ತೇಲುತ್ತಿದ್ದರೆ ಅದನ್ನು ಮತ್ತೆ ಹಿಡಿಯಬೇಕು ಎನ್ನುವುದು ಈ ಕಾರಣಕ್ಕೇ.

ನಿಮ್ಮ ದಡಕ್ಕೆ ಬಂದ ಹಸಿರು ಬಲೆ ಎಲ್ಲಿಯದು ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಯಾವ ಬಲೆ ದಡಕ್ಕೆ ಬರುತ್ತದೆ ಎಂಬುದು ಅದರ ನೂಲಿನ ತೂಕವನ್ನು ಅವಲಂಬಿಸಿದೆ. ಸಿಹಿನೀರಿನದು 1 ಎಂದಿಟ್ಟುಕೊಂಡರೆ ಕಡಲ ನೀರಿನ ಸಾಂದ್ರತೆ ಸುಮಾರು 1.025, ನೈಲಾನಿನದು 1.14, ಪಾಲಿಎಥಿಲೀನಿನದು 0.95, ಪಾಲಿಪ್ರೊಪಿಲೀನಿನದು 0.91. ಆದ್ದರಿಂದ ಕಳೆದುಹೋದ ನೈಲಾನ್ ಕಂತಬಲೆ, ಬೆಂಡು ಕಳಚಿದ ಮೇಲೆ ತಳ ಸೇರುತ್ತದೆ. ದೋಣಿಯ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯ ಪಾಲಿಎಥಿಲೀನ್ ತುಂಡುಗಳೂ ಪಾಲಿಪ್ರೊಪಿಲೀನ್ ಹಗ್ಗಗಳೂ ತೇಲುತ್ತವೆ. ನೀವು ಬಣ್ಣಿಸಿದ ದಪ್ಪ ಹೆಣಿಗೆಯ ಹಸಿರು ತುಂಡು ಟ್ರಾಲ್ ಬಲೆಯದಾಗಿರುವುದೇ ಹೆಚ್ಚು ಸಂಭವ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಾಭಿಮುಖವಾಗಿ ಹರಿಯುವುದರಿಂದ ಅದು ಉತ್ತರದ ಯಾವ ಬಂದರಿನ ದೋಣಿಯದೂ ಆಗಿರಬಹುದು. ಇದೇ ಪ್ರವಾಹ ನಿಮ್ಮ ಆಮೆಯನ್ನೂ ದಕ್ಷಿಣದ ಶಿರಿಯಾ ಕಡೆಗೆ ಒಯ್ದಿರಬೇಕು. ಆದರೆ ಬಲೆಯ ಮೇಲೆ ಗುರುತಿಲ್ಲದೆ ಯಾರ ಕಡೆಗೂ ಬೆರಳು ತೋರಿಸಲಾಗದು. ಬಲೆಗಳಿಗೆ ಗುರುತು ಹಾಕಬೇಕೆಂಬ ಮಾರ್ಗಸೂಚಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೀನುಗಾರಿಕಾ ಸಮಿತಿ 2018ರಲ್ಲಿಯೇ ಒಪ್ಪಿದೆ. ಅದು ಸ್ವಯಂಪ್ರೇರಿತ, ಕಡ್ಡಾಯವಲ್ಲ.

ಇಲ್ಲಿ ಒಂದು ಮಾತು. ವರ್ಷಕ್ಕೆ 6.4 ಲಕ್ಷ ಟನ್ ಬಲೆ ಕಡಲು ಸೇರುತ್ತದೆ ಎಂಬ ಅಂಕಿ ಎಲ್ಲೆಡೆ ಹರಿದಾಡುತ್ತದೆ. ಅದು ಯಾರೂ ಅಳೆದು ಪಡೆದದ್ದಲ್ಲ. ಕಡಲಿನ ಒಟ್ಟು ಕಸದ ಹಳೆಯ ಅಂದಾಜೊಂದರ ಹತ್ತನೆಯ ಒಂದು ಭಾಗವಷ್ಟೇ. ಮೀನುಗಾರರನ್ನೇ ಕೇಳಿ 2022ರಲ್ಲಿ ಪ್ರಕಟವಾದ ಅಧ್ಯಯನ, ಬಳಕೆಯಲ್ಲಿರುವ ಸಲಕರಣೆಗಳಲ್ಲಿ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ಕಳೆದುಹೋಗುತ್ತವೆ ಎಂದಿತು. ನನಗೆ ಎರಡನೆಯದೇ ಹೆಚ್ಚು ನಂಬಲರ್ಹವೆನಿಸುತ್ತದೆ. ಬಲೆಗೆ ಲಕ್ಷಗಟ್ಟಲೆ ರೂಪಾಯಿ ಹಾಕಿದ ಯಾವ ಮೀನುಗಾರನೂ ಅದನ್ನು ಬೇಕೆಂದು ಕಡಲಿಗೆ ಎಸೆಯುವುದಿಲ್ಲ. ಬಲೆ ಬಂಡೆಗೆ ಸಿಕ್ಕಿ ಹರಿಯುತ್ತದೆ, ಇನ್ನೊಂದು ದೋಣಿಯ ಬಲೆ ಅದರ ಮೇಲೆ ಹಾಯುತ್ತದೆ, ಬಿರುಗಾಳಿ ಒಯ್ಯುತ್ತದೆ. ಎಸೆಯಲ್ಪಡುವುದು ದುರಸ್ತಿಯಲ್ಲಿ ಕತ್ತರಿಸಿ ತೆಗೆದ ಚೂರುಗಳು. ಅವನ್ನು ದಡಕ್ಕೆ ತರಲು ವ್ಯವಸ್ಥೆಯಿದ್ದರೆ ತರುತ್ತಾರೆ. ಕೊಲ್ಲಂನ ನೀಂಡಕರದಲ್ಲಿ 2017ರಲ್ಲಿ ಆರಂಭವಾದ ಶುಚಿತ್ವ ಸಾಗರಂ ಯೋಜನೆಯಲ್ಲಿ ಟ್ರಾಲ್ ದೋಣಿಗಳವರು ಬಲೆಗೆ ಬಂದ ಪ್ಲಾಸ್ಟಿಕ್ ಕಸವನ್ನು ಬಂದರಿಗೆ ತಂದೊಪ್ಪಿಸಿದರು. ಅದನ್ನು ಪುಡಿಮಾಡಿ ರಸ್ತೆಯ ಡಾಂಬರಿಗೆ ಬೆರೆಸಲಾಯಿತು.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಎಲ್ಲ ಕಡಲಾಮೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಸಂಕಟದಲ್ಲಿರುವ ಆಮೆಯ ಬಲೆ ಬಿಡಿಸಿ ಇಲಾಖೆಗೆ ತಿಳಿಸಿದವರು ಹೆದರಬೇಕಾಗಿಲ್ಲ. ತಿಳಿಸದೆ ಮನೆಯಲ್ಲಿಯೋ ಸಂಘದ ಕಟ್ಟಡದಲ್ಲಿಯೋ ಇರಿಸಿಕೊಂಡರೆ ತೊಂದರೆಯಾದೀತು. ಕೈಗೆ ಬಂದ ಇಂಥ ಪ್ರಾಣಿಯ ಬಗ್ಗೆ, ಅದು ಸತ್ತಿದ್ದರೂ, 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಸತ್ತ ಆಮೆಯನ್ನು ನೀವೇ ಹೂಳಬೇಡಿ. ಅದರ ಶ್ವಾಸಕೋಶ, ಹೊಟ್ಟೆ, ಕರುಳುಗಳನ್ನು ನೋಡಿದರೆ ಸಾವಿನ ಕಾರಣ ತಿಳಿಯುತ್ತದೆ, ಅದು ಮುಂದಿನ ಆಮೆಗೆ ಉಪಯೋಗಕ್ಕೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದಿರಲಾರೆ. ಡಾಲ್ಫಿನ್ ಅಥವಾ ತಿಮಿಂಗಿಲ ಬಲೆಯೊಡನೆ ಕಡಲಿನಲ್ಲಿ ಕಂಡರೆ ಯಾವ ಈಜುಗಾರನೂ ನೀರಿಗೆ ಇಳಿಯಬಾರದು. ಕೆನಡಾದಲ್ಲಿ 2017ರ ಜುಲೈನಲ್ಲಿ, ಎಷ್ಟೋ ತಿಮಿಂಗಿಲಗಳನ್ನು ಬಿಡಿಸಿದ್ದ ಜೋ ಹೌಲೆಟ್ ಎಂಬ ಮೀನುಗಾರ, ರೈಟ್ ತಿಮಿಂಗಿಲವೊಂದನ್ನು ಹಗ್ಗದಿಂದ ಬಿಡಿಸಿದ ಮರುಕ್ಷಣವೇ ಅದರ ಹೊಡೆತಕ್ಕೆ ಸಿಕ್ಕಿ ದೋಣಿಯ ಮೇಲೆಯೇ ಪ್ರಾಣ ಬಿಟ್ಟರು. ಅಂಥ ಸಂದರ್ಭದಲ್ಲಿ ದೂರದಿಂದ ಜೊತೆಗಿದ್ದು, ಸ್ಥಳವನ್ನು ಗುರುತಿಸಿ, ಕೋಸ್ಟ್ ಗಾರ್ಡಿನ 1554ಕ್ಕೆ ತಿಳಿಸಬೇಕು.

ಕೊನೆಯದಾಗಿ, ಕತ್ತರಿಸಿ ತೆಗೆದ ಬಲೆ. ಅದನ್ನು ದಡದಲ್ಲಿ ಬಿಟ್ಟರೆ ಮುಂದಿನ ಉಬ್ಬರ ಮತ್ತೆ ಕಡಲಿಗೆ ಒಯ್ಯುತ್ತದೆ. ಬಲೆಯ ಕಣ್ಣಿನ ಅಳತೆಯನ್ನು ಗಂಟಿನಿಂದ ಗಂಟಿಗೆ ಸ್ಕೇಲಿನಲ್ಲಿ ನೋಡಿ, ನೂಲಿನ ಬಣ್ಣ, ಹೆಣಿಗೆ ಮತ್ತು ಅದಕ್ಕಂಟಿದ ಬೆಂಡು ಅಥವಾ ಸೀಸದ ಗುಂಡುಗಳೊಡನೆ ಒಂದು ಫೋಟೊ ತೆಗೆದು, ದಿನಾಂಕ ಮತ್ತು ಜಾಗವನ್ನು ಬರೆದಿಡಿ. ಆಮೆಯ ಬೆನ್ನುಚಿಪ್ಪಿನ ಉದ್ದವನ್ನೂ, ಬಾಲ ಚಿಪ್ಪಿನಿಂದ ಹೊರಗೆ ಉದ್ದವಾಗಿ ಚಾಚಿದೆಯೆ ಎಂಬುದನ್ನೂ ಅದರ ಜೊತೆಗೆ ಬರೆಯಿರಿ. ಬೆಳೆದ ಗಂಡಿಗೆ ಬಾಲ ಉದ್ದ, ಹೆಣ್ಣಿಗೆ ಗಿಡ್ಡ. ಅನಂತರ ಬಲೆಯ ಕುಣಿಕೆಗಳು ಉಳಿಯದಂತೆ ಕತ್ತರಿಸಿ, ಚೀಲದಲ್ಲಿ ಕಟ್ಟಿ, ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಒಪ್ಪಿಸಿ. ಅಂಗಳದ ತರಕಾರಿಗೆ ಬೇಲಿಯಾಗಿ ಕಟ್ಟುವ ಅಭ್ಯಾಸ ನಮ್ಮೂರುಗಳಲ್ಲಿದೆ. ಹಾವು, ಉಡಗಳು ಅದೇ ಬಲೆಯಲ್ಲಿ ಸಿಲುಕುವುದರಿಂದ ಅದನ್ನು ನಾನು ಸೂಚಿಸಲಾರೆ.